ಡೇಟಾಸೆಂಟರ್‌ಗಳ ನಡುವೆ ವಿಡಿಯೊ ಸಾಗಿಸುವ ಬಿಲ್ ಏರಿದಾಗ: ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಹಾಸನ, ಚಿಕ್ಕಮಗಳೂರು ಕಡೆ ವಿಡಿಯೊ ನಂಬಿ ಕೆಲಸ ಮಾಡುವವರು ಈಗ ಕಡಿಮೆಯೇನಿಲ್ಲ. ಕೇಬಲ್ ಚಾನೆಲ್‌ನವರು, ಜಾತ್ರೆ-ರಥೋತ್ಸವದ ನೇರಪ್ರಸಾರ ಮಾಡುವ ತಂಡಗಳು, ಪಾಠದ ವಿಡಿಯೊ ಕೊಡುವ ಕೋಚಿಂಗ್ ಕೇಂದ್ರಗಳು, ಕಾಫಿ ತೋಟಗಳ ಸಿಸಿಟಿವಿ ನೋಡಿಕೊಳ್ಳುವವರು, ಎಲ್ಲರ ಜೋಡಣೆಯೂ ಹೆಚ್ಚುಕಡಿಮೆ ಒಂದೇ ಬಗೆ. ವಿಡಿಯೊ ಇಲ್ಲಿಂದ ಮುಂಬೈನ ಕ್ಲೌಡ್‌ಗೆ ಏರುತ್ತದೆ, ಅಲ್ಲಿ ನಾಲ್ಕೈದು ಗಾತ್ರಕ್ಕೆ ಇಳಿಯುತ್ತದೆ, ಒಂದು ಪ್ರತಿ ಮುನ್ನೆಚ್ಚರಿಕೆಗೆಂದು ಹೈದರಾಬಾದ್, ಚೆನ್ನೈ ಅಥವಾ ದೆಹಲಿಯ ಡೇಟಾಸೆಂಟರ್‌ಗೆ ಹೋಗುತ್ತದೆ.

ಕ್ಲೌಡ್‌ನ ಒಳಕ್ಕೆ ಬರುವ ಡೇಟಾಕ್ಕೆ ಸಾಮಾನ್ಯವಾಗಿ ಶುಲ್ಕವಿಲ್ಲ. ಹೊರಕ್ಕೆ ಹೋಗುವುದಕ್ಕೆ, ಒಂದು ರೀಜನ್‌ನಿಂದ (ಮುಂಬೈ, ಹೈದರಾಬಾದ್‌ನಂಥ ಒಂದು ಕಡೆಯ ಡೇಟಾಸೆಂಟರ್ ಗುಂಪು) ಇನ್ನೊಂದಕ್ಕೆ ದಾಟುವುದಕ್ಕೆ, ಹಲವು ಕಡೆ ಒಂದೇ ರೀಜನ್‌ನ ಎರಡು ಝೋನ್‌ಗಳ (ಆ ಗುಂಪಿನೊಳಗಿನ ಪ್ರತ್ಯೇಕ ಡೇಟಾಸೆಂಟರ್‌ಗಳು) ನಡುವೆ ಓಡಾಡುವುದಕ್ಕೂ ಜಿಬಿ ಲೆಕ್ಕದಲ್ಲಿ ದುಡ್ಡು. ಹಾಗಾಗಿ ದೋಷ ಹಾಸನದ ಸ್ಟುಡಿಯೊದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಚಿತ್ರ ಚೆನ್ನಾಗಿ ಬರುತ್ತಿರುತ್ತದೆ, ಧ್ವನಿಯೂ ಸರಿ ಇರುತ್ತದೆ, ತಿಂಗಳ ಕೊನೆಗೆ ಬಿಲ್ ಮಾತ್ರ ಹೆದರಿಸುತ್ತದೆ.

ಹೆಚ್ಚಿನವರು ಆಗ ಮೊದಲು ಕೈ ಹಾಕುವುದು ಚಿತ್ರದ ಗುಣಮಟ್ಟಕ್ಕೆ. ಅದು ತಪ್ಪು ದಾರಿ. ವಿಡಿಯೊ ದೊಡ್ಡದಾಗಿದೆ ಎಂಬ ಕಾರಣಕ್ಕೆ ಬಿಲ್ ಏರುವುದು ಅಪರೂಪ. ಒಂದೇ ವಿಡಿಯೊ ಗಡಿಯನ್ನು ಮತ್ತೆ ಮತ್ತೆ ದಾಟುತ್ತಿದೆ ಎಂಬುದೇ ಬಹುತೇಕ ಕಾರಣ. ಅದಕ್ಕೇ ಇಲ್ಲಿ ಬಿಟ್‌ರೇಟ್ (ಸೆಕೆಂಡಿಗೆ ಹರಿಯುವ ಡೇಟಾ) ಇಳಿಸುವ ಮಾತು ಕೊನೆಗೆ ಬರುತ್ತದೆ.

ಮೊದಲು ಲೆಕ್ಕ, ಆಮೇಲೆ ರಿಪೇರಿ

1 ಎಂಬಿಪಿಎಸ್ ವಿಡಿಯೊ ದಿನವಿಡೀ ಹರಿದರೆ 10.8 ಜಿಬಿ, 30 ದಿನಕ್ಕೆ 324 ಜಿಬಿ. ಈ ಒಂದು ಸಂಖ್ಯೆಯನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. ಮೂಡಿಗೆರೆ ಕಡೆಯ ಒಂದು ತೋಟದಲ್ಲಿ 4 ಎಂಬಿಪಿಎಸ್‌ನ 12 ಕ್ಯಾಮೆರಾ ಇವೆ ಎನ್ನಿ. 48 ಎಂಬಿಪಿಎಸ್ × 324 = 15,552 ಜಿಬಿ. ಅದರ ಒಂದು ಪ್ರತಿ ಬೇರೆ ರೀಜನ್‌ಗೆ ಹೋಗುತ್ತಿದ್ದು, ಜಿಬಿಗೆ 5 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ 77,760 ರೂ., 18% ಜಿಎಸ್‌ಟಿ ಸೇರಿ ಸುಮಾರು 91,757 ರೂ. ಈ 5 ರೂಪಾಯಿ ಬರೀ ಉದಾಹರಣೆ. ನಿಮ್ಮ ಬಿಲ್‌ನಲ್ಲಿರುವ ದರ ಹಾಕಿ ಗುಣಿಸಿಕೊಳ್ಳಿ.

ಹೀಗೆ ನಿಮ್ಮ ಕೆಲಸಕ್ಕೆ ಎಷ್ಟು ಜಿಬಿ ಆಗಬೇಕು ಎಂದು ತೆಗೆದು, ಬಿಲ್‌ನಲ್ಲಿ ಬಂದಿರುವ ಜಿಬಿಗೆ ಹೋಲಿಸಿ. ಎರಡೂ ಹತ್ತಿರ ಹತ್ತಿರ ಇದ್ದರೆ ದೋಷವಿಲ್ಲ, ವಿಡಿಯೊ ನಿಜವಾಗಿ ಅಷ್ಟಿದೆ. ನೇರ ಬಿಟ್‌ರೇಟ್ ಭಾಗಕ್ಕೆ ಹೋಗಿ. ಸರಿಯಾಗಿ ಎರಡರಷ್ಟು ಬಂದಿದ್ದರೆ ಎಲ್ಲೋ ಜೋಡಿ ಪ್ರತಿ ಹೋಗುತ್ತಿದೆ. ಮೂರು, ಐದು, ಹತ್ತು ಪಟ್ಟು ಬಂದಿದ್ದು ದಿನದಿಂದ ದಿನಕ್ಕೆ ಏರಿಳಿಯುತ್ತಿದ್ದರೆ ಕ್ಯಾಶ್ (ಒಮ್ಮೆ ತಂದ ವಿಡಿಯೊವನ್ನು ಮತ್ತೆ ಕೊಡಲು ಉಳಿಸಿಡುವ ಜಾಗ) ಅಥವಾ ಮರುಪ್ರಯತ್ನದ ದೋಷ. ಲೆಕ್ಕ ಹಾಕದೆ ಸೆಟ್ಟಿಂಗ್ ಬದಲಿಸಲು ಕೂತರೆ ಯಾವುದು ಕೆಲಸ ಮಾಡಿತು ಎಂಬುದೇ ಗೊತ್ತಾಗುವುದಿಲ್ಲ.

ಲಕ್ಷಣ: "ಒಟ್ಟು ಬಿಲ್ ಜಾಸ್ತಿ ಬಂದಿದೆ ಸಾರ್, ಯಾವುದರಿಂದ ಅಂತ ಗೊತ್ತಾಗ್ತಿಲ್ಲ"

ಖರ್ಚಿಲ್ಲದ ಪರೀಕ್ಷೆ ಇದು, ಒಂದು ಗಂಟೆ ಸಾಕು. ಕ್ಲೌಡ್‌ನ ವೆಚ್ಚದ ಪುಟ ತೆರೆದು, ಸೇವೆಯ ಪ್ರಕಾರ ಅಲ್ಲ, ಬಳಕೆಯ ಪ್ರಕಾರ ವಿಂಗಡಿಸಿ. ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯುಎಸ್‌ನಲ್ಲಿ ಇದನ್ನು ಯೂಸೇಜ್ ಟೈಪ್ ಎನ್ನುತ್ತಾರೆ. ಸೇವೆಯ ಪ್ರಕಾರ ನೋಡಿದರೆ ಸಾಗಣೆಯ ಶುಲ್ಕ ಸರ್ವರ್ ಬಾಡಿಗೆಯೊಳಗೋ ಸ್ಟೋರೇಜ್‌ನೊಳಗೋ ಅಡಗಿ ಕೂತಿರುತ್ತದೆ.

ನೋಡಬೇಕಾದ ಸಾಲುಗಳು ನಾಲ್ಕು: ಇಂಟರ್ನೆಟ್‌ಗೆ ಹೊರಹೋದದ್ದು, ಬೇರೆ ರೀಜನ್‌ಗೆ ಹೋದದ್ದು, ಝೋನ್‌ಗಳ ನಡುವೆ ಓಡಾಡಿದ್ದು, ನ್ಯಾಟ್ ಗೇಟ್‌ವೇ (ಖಾಸಗಿ ಜಾಲದಿಂದ ಹೊರಗೆ ಹೋಗುವ ಬಾಗಿಲು) ಮೂಲಕ ಹಾದುಹೋದದ್ದು. ದಿನವಾರು ಗ್ರಾಫ್ ಹಾಕಿದರೆ ಆಕಾರವೇ ಅರ್ಧ ಕಥೆ ಹೇಳುತ್ತದೆ. ಒಂದು ದಿನ ಮೆಟ್ಟಿಲಿನಂತೆ ಏರಿ ಅಲ್ಲೇ ನಿಂತಿದ್ದರೆ ಅಂದು ಯಾರೋ ಸೆಟ್ಟಿಂಗ್ ಬದಲಿಸಿದ್ದಾರೆ. ಗರಗಸದ ಹಲ್ಲಿನಂತಿದ್ದರೆ ದಿನಕ್ಕೊಮ್ಮೆ ಓಡುವ ಬ್ಯಾಕಪ್. ನಿಧಾನವಾಗಿ ಏರುತ್ತಲೇ ಇದ್ದರೆ ಹಳೆಯ ಕಡತಗಳೂ ಪ್ರತಿಸಲ ಮರಳಿ ಹೋಗುತ್ತಿವೆ. ವೆಚ್ಚದ ಅಂಕಿ ಪುಟದಲ್ಲಿ ಮೂಡಲು ಒಂದು ದಿನ ಹಿಡಿಯಬಹುದು, ಬದಲಾವಣೆ ಮಾಡಿದ ಸಂಜೆಯೇ ಫಲಿತಾಂಶ ಹುಡುಕಬೇಡಿ.

ನಿಮಗೆ ಸಂಬಂಧವೇ ಇಲ್ಲದ ರೀಜನ್‌ನಲ್ಲಿ ಬಳಕೆ ಕಂಡರೆ ಈ ಕೈಪಿಡಿಯನ್ನು ಇಲ್ಲಿಗೇ ನಿಲ್ಲಿಸಿ, "ಯಾವಾಗ ಕೈ ಬಿಡಬೇಕು" ಎಂಬ ಭಾಗಕ್ಕೆ ಹೋಗಿ. ಅದು ವೆಚ್ಚದ ಸಮಸ್ಯೆಯಲ್ಲ, ಕ್ಲೌಡ್ ಖಾತೆಯ ಕೀಲಿ ಕಳುವಾದ ಸಮಸ್ಯೆ ಇರಬಹುದು.

ಆದರೆ ಸಿಂಗಪುರ ಕಂಡರೆ ತಕ್ಷಣ ಗಾಬರಿಯಾಗಬೇಡಿ. ಎಡಬ್ಲ್ಯುಎಸ್ ಮುಂಬೈಗೆ ಬಂದದ್ದು 2016ರಲ್ಲಿ, ಹೈದರಾಬಾದ್ ರೀಜನ್ ತೆರೆದದ್ದು 2022ರ ನವೆಂಬರ್‌ನಲ್ಲಿ. ನಡುವಿನ ವರ್ಷಗಳಲ್ಲಿ ಆ ಕ್ಲೌಡ್‌ನಲ್ಲಿ ಎರಡನೇ ಪ್ರತಿ ಬೇರೆ ರೀಜನ್‌ನಲ್ಲಿರಲಿ ಎಂದವರು ದೇಶದ ಹೊರಗೇ ಇಡಬೇಕಿತ್ತು. ಆ ಕಾಲದಲ್ಲಿ ಬರೆದ ನಿಯಮ ಇನ್ನೂ ಓಡುತ್ತಿರಬಹುದು. ಎರಡೂ ದಾರಿಯ ದರ ಹೋಲಿಸಿ ನೋಡಿ, ಗುರಿ ಬದಲಿಸುವುದಾದರೆ ಹೊಸ ಕಡತಗಳಿಗೆ ಮಾತ್ರ ಬದಲಿಸಿ. ಹಳೆಯದನ್ನೆಲ್ಲ ಸಿಂಗಪುರದಿಂದ ಎತ್ತಿ ತಂದರೆ ಆ ಸಾಗಣೆಗೇ ಇನ್ನೊಂದು ಬಿಲ್ ಬರುತ್ತದೆ.

ಲಕ್ಷಣ: ಎಲ್ಲವೂ ಒಂದೇ ರೀಜನ್‌ನಲ್ಲಿದೆ, ಆದರೂ ಸಾಗಣೆ ಶುಲ್ಕ

ಎರಡು ಕಾರಣ. ಮೊದಲನೆಯದು ಝೋನ್. ಎಡಬ್ಲ್ಯುಎಸ್‌ನಲ್ಲಿ ಒಂದು ಝೋನ್‌ನ ಸರ್ವರ್‌ನಿಂದ ಇನ್ನೊಂದು ಝೋನ್‌ನ ಸರ್ವರ್‌ಗೆ ಹೋಗುವ ಪ್ರತಿ ಜಿಬಿಗೆ ಕಳಿಸುವ ಕಡೆ 1 ಸೆಂಟ್, ಪಡೆಯುವ ಕಡೆ 1 ಸೆಂಟ್. ವಿಡಿಯೊ ಹಿಂಡುವ ಎನ್‌ಕೋಡರ್ ಒಂದು ಝೋನ್‌ನಲ್ಲಿ, ಅದನ್ನು ತುಣುಕು ಮಾಡುವ ಪ್ಯಾಕೇಜರ್ ಇನ್ನೊಂದರಲ್ಲಿ ಇದ್ದರೆ ನೇರಪ್ರಸಾರದ ಪ್ರತಿ ಬೈಟೂ ಸುಂಕ ಕಟ್ಟಿಯೇ ಮುಂದೆ ಹೋಗುತ್ತದೆ. ಒಂದು ಪ್ರಸಾರಕ್ಕೆ ಸೇರಿದ ಸರ್ವರ್‌ಗಳನ್ನೆಲ್ಲ ಒಂದೇ ಝೋನ್‌ನಲ್ಲಿ ಕೂರಿಸಿ. ಬದಲಿ ಜೋಡಿ ಬೇಕಿದ್ದರೆ ಇಡೀ ಸಾಲನ್ನೇ ಇನ್ನೊಂದು ಝೋನ್‌ನಲ್ಲಿ ಸಿದ್ಧವಿಡಿ, ಅರ್ಧ ಇಲ್ಲಿ ಅರ್ಧ ಅಲ್ಲಿ ಬೇಡ.

ಎರಡನೆಯದು ನ್ಯಾಟ್ ಗೇಟ್‌ವೇ. ಖಾಸಗಿ ಜಾಲದೊಳಗಿನ, ಗಾತ್ರ ಇಳಿಸುವ ಟ್ರಾನ್ಸ್‌ಕೋಡರ್ ಅದೇ ರೀಜನ್‌ನ ಸ್ಟೋರೇಜ್‌ನಿಂದ ವಿಡಿಯೊ ಓದುವಾಗ ನ್ಯಾಟ್ ಮೂಲಕ ಸುತ್ತು ಹಾಕಿ ಬರುತ್ತಿದ್ದರೆ ಪ್ರತಿ ಜಿಬಿಗೂ ಸಂಸ್ಕರಣಾ ಶುಲ್ಕ ಬೀಳುತ್ತದೆ. ಎಡಬ್ಲ್ಯುಎಸ್‌ನ ಸ್ಟೋರೇಜ್ ಆದ ಎಸ್3ಗೆ ಗೇಟ್‌ವೇ ಎಂಡ್‌ಪಾಯಿಂಟ್ (ನೇರ ಒಳದಾರಿ) ಹಾಕಿದರೆ ಈ ಶುಲ್ಕ ತಪ್ಪುತ್ತದೆ, ಎಂಡ್‌ಪಾಯಿಂಟ್‌ಗೆ ಪ್ರತ್ಯೇಕ ದುಡ್ಡೂ ಇಲ್ಲ. ಅದು ಅದೇ ರೀಜನ್‌ನ ಬಕೆಟ್‌ಗೆ (ಸ್ಟೋರೇಜ್‌ನಲ್ಲಿ ಕಡತ ಇಡುವ ಡಬ್ಬಿ) ಮಾತ್ರ ಕೆಲಸ ಮಾಡುತ್ತದೆ. ರೂಟ್ ಟೇಬಲ್‌ಗೆ (ಜಾಲದ ದಾರಿಪಟ್ಟಿ) ಸೇರಿಸುವ ಆ ಗಳಿಗೆಯಲ್ಲಿ ನಡೆಯುತ್ತಿರುವ ಸಂಪರ್ಕಗಳು ಕಡಿಯಬಹುದು, ಆದ್ದರಿಂದ ಪ್ರಸಾರ ಇಲ್ಲದ ಹೊತ್ತಿನಲ್ಲಿ ಮಾಡಿ.

ಲಕ್ಷಣ: ಹೋಗಬೇಕಾದ್ದರ ಎರಡರಷ್ಟು ಹೋಗುತ್ತಿದೆ

ಇಲ್ಲಿ ಹುಡುಕಿದಷ್ಟೂ ಸಿಗುತ್ತದೆ, ಸ್ವಲ್ಪ ತಾಳ್ಮೆ ಇರಲಿ.

ಮೊದಲು ಬಕೆಟ್‌ನ ಪ್ರತಿ ಮಾಡುವ ನಿಯಮ ತೆರೆದು ನೋಡಿ. "ಇಡೀ ಬಕೆಟ್" ಎಂದಿದೆಯೇ? ಹಾಗಿದ್ದರೆ ಮೂಲ ವಿಡಿಯೊ ಜತೆಗೆ ಅದರ ಐದು ಗಾತ್ರಗಳು, ತಾತ್ಕಾಲಿಕ ತುಣುಕುಗಳು, ಥಂಬ್‌ನೇಲ್‌ಗಳು, ಎನ್‌ಕೋಡರ್ ಅರ್ಧಕ್ಕೆ ಬಿಟ್ಟ ಕಡತಗಳು, ಎಲ್ಲವೂ ದಾಟುತ್ತಿವೆ. ನಿಜವಾಗಿ ಉಳಿಸಿಕೊಳ್ಳಬೇಕಾದದ್ದು ಮೂಲ ಮಾತ್ರ. ಉಳಿದದ್ದನ್ನು ಅದರಿಂದ ಮತ್ತೆ ತಯಾರಿಸಬಹುದು. ಮೂಲಕ್ಕೊಂದು ಫೋಲ್ಡರ್, ತಯಾರಾದದ್ದಕ್ಕೊಂದು, ತಾತ್ಕಾಲಿಕಕ್ಕೊಂದು ಎಂದು ಬೇರೆ ಮಾಡಿ, ಪ್ರತಿ ಮಾಡುವ ನಿಯಮವನ್ನು ಮೊದಲನೆಯದಕ್ಕೆ ಕಟ್ಟಿಹಾಕಿ.

ಆಮೇಲೆ ಪ್ಯಾಕೇಜಿಂಗ್. ಐಫೋನ್‌ಗೆಂದು ಎಚ್‌ಎಲ್‌ಎಸ್, ಉಳಿದವಕ್ಕೆ ಡ್ಯಾಶ್ ಎಂದು ಎರಡು ಬಗೆಯ ತುಣುಕು ತಯಾರಿಸುವುದು ಹಳೆಯ ರೂಢಿ. ಒಳಗಿನ ಚಿತ್ರ ಒಂದೇ, ಸುತ್ತಿದ ಕಾಗದ ಮಾತ್ರ ಬೇರೆ. 2018ರಿಂದ ಸಿಮ್ಯಾಫ್ ಎಂಬ ಮಾನಕ ಬಂದಿದೆ. ಅದರಲ್ಲಿ ತುಣುಕು ಒಂದೇ, ಎರಡು ಪಟ್ಟಿಕಡತಗಳು (ಯಾವ ತುಣುಕು ಎಲ್ಲಿದೆ ಎಂದು ಹೇಳುವ ಕಡತ) ಅದನ್ನೇ ತೋರಿಸುತ್ತವೆ. ಹಳೆಯ ಸೆಟ್‌ಟಾಪ್ ಬಾಕ್ಸ್‌ಗಳು ಇದನ್ನು ಓದುತ್ತವೆಯೇ ಎಂದು ಎರಡು ಮೂರು ಮನೆಗಳಲ್ಲಿ ಹಾಕಿ ನೋಡಿಯೇ ಬದಲಿಸಿ.

ಎರಡನೇ ರೀಜನ್‌ನಲ್ಲೂ ಎಲ್ಲ ಗಾತ್ರ ಬೇಕಿದ್ದರೆ, ಮೂಲವನ್ನಷ್ಟೇ ಕಳಿಸಿ ಆ ಕಡೆ ಮತ್ತೆ ಗಾತ್ರ ಇಳಿಸುವುದು ಲಾಭವೇ ಎಂಬ ಪ್ರಶ್ನೆ ಪದೇ ಪದೇ ಬರುತ್ತದೆ. ಲೆಕ್ಕ ಹಾಕೋಣ. 5, 2.8, 1.4, 0.8 ಎಂಬಿಪಿಎಸ್‌ನ ನಾಲ್ಕು ಗಾತ್ರಗಳು ಸೇರಿದರೆ 10. ಒಂದು ಗಂಟೆಯ ವಿಡಿಯೊಗೆ 4.5 ಜಿಬಿ. ಬರೀ 5ನ್ನು ಕಳಿಸಿದರೆ 2.25 ಜಿಬಿ, ಆದರೆ ಒಮ್ಮೆ ಹಿಂಡಿದ್ದನ್ನೇ ಮತ್ತೆ ಹಿಂಡಿದರೆ ಚಿತ್ರ ಕೆಡುತ್ತದೆ. ಅದಕ್ಕೆ 8 ಎಂಬಿಪಿಎಸ್‌ನ ಒಳ್ಳೆಯ ಮೂಲ ಕಳಿಸಿದರೆ 3.6 ಜಿಬಿ. ಉಳಿತಾಯ 20% ಅಷ್ಟೆ, ಅದರ ಮೇಲೆ ಆ ಕಡೆಯ ಸರ್ವರ್ ಬಾಡಿಗೆ. ನಾಲ್ಕು ಗಾತ್ರಕ್ಕೆ ಇದು ಗಿಟ್ಟುವುದಿಲ್ಲ. ಎರಡು ಬಗೆಯ ಪ್ಯಾಕೇಜಿಂಗ್ ಸೇರಿ 20 ಎಂಬಿಪಿಎಸ್ ದಾಟುತ್ತಿದ್ದರೆ, ಅಂದರೆ ಗಂಟೆಗೆ 9 ಜಿಬಿ ಇದ್ದರೆ, ಖಂಡಿತ ಗಿಟ್ಟುತ್ತದೆ.

ಇನ್ನೊಂದು ಸದ್ದಿಲ್ಲದ ಕಳ್ಳ ಎಂದರೆ ಹೆಸರು ಬದಲಾವಣೆ. "ಪಾಠ_12" ಎಂಬ ಫೋಲ್ಡರನ್ನು "ಭೌತಶಾಸ್ತ್ರ_12" ಎಂದು ಬದಲಿಸಿದರೆ, ಬ್ಯಾಕಪ್ ಸಾಧನದ ಕಣ್ಣಿಗೆ ಹಳೆಯದು ಅಳಿಸಿಹೋಗಿ ಹೊಸದೇ ಬಂದಂತೆ. ಇಡೀ ಫೋಲ್ಡರ್ ಮತ್ತೆ ದಾಟುತ್ತದೆ. ಎಂಪಿ4 ಕಡತದ ಸೂಚಿಭಾಗವನ್ನು ಕೊನೆಯಿಂದ ಮೊದಲಿಗೆ ತರುವ ಫಾಸ್ಟ್‌ಸ್ಟಾರ್ಟ್ ಕೆಲಸವೂ ಹಾಗೆಯೇ: ಚಿತ್ರದಲ್ಲಿ ಒಂದು ಬಿಂದು ಬದಲಾಗದಿದ್ದರೂ ಕಡತ ಪೂರ್ತಿ ಹೊಸದಾಗುತ್ತದೆ. ಹೆಸರಿಡುವುದು, ಫಾಸ್ಟ್‌ಸ್ಟಾರ್ಟ್ ಮಾಡುವುದು, ವಾಟರ್‌ಮಾರ್ಕ್ ಹಾಕುವುದು, ಏನಿದ್ದರೂ ಪ್ರತಿಯ ಫೋಲ್ಡರ್‌ಗೆ ಬೀಳುವ ಮೊದಲೇ ಮುಗಿಯಲಿ.

ವಿಡಿಯೊವನ್ನು ಜಿಪ್ ಮಾಡಿ ಕಳಿಸುವುದರಿಂದ ಏನೂ ಉಳಿಯುವುದಿಲ್ಲ. ಅದು ಆಗಲೇ ಹಿಂಡಿದ ಮಾಲು.

ಲಕ್ಷಣ: ಮಳೆಗಾಲದಲ್ಲಿ, ಅದೂ ರಾತ್ರಿ ಹೊತ್ತು, ಸಿಸಿಟಿವಿ ಡೇಟಾ ಉಬ್ಬುತ್ತದೆ

ಮಲೆನಾಡಿನ ತೋಟಗಳಲ್ಲಿ ಇದು ಪ್ರತಿ ಜೂನ್‌ನಲ್ಲಿ ಶುರು. ಚಲನೆ ಕಂಡಾಗ ಮಾತ್ರ ರೆಕಾರ್ಡ್ ಮಾಡಿ ಮೇಲಕ್ಕೆ ಕಳಿಸು ಎಂದು ಹೇಳಿಟ್ಟಿರುವ ಕ್ಯಾಮೆರಾ ದಿನವಿಡೀ ರೆಕಾರ್ಡ್ ಮಾಡುತ್ತಲೇ ಇರುತ್ತದೆ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಗಾಳಿಗೆ ಅಲ್ಲಾಡುವುದು, ಕಣದ ಮೇಲೆ ಹೊದಿಸಿದ ಟಾರ್ಪಾಲಿನ ಅಂಚು ಬಡಿಯುವುದು, ಮಳೆಯ ಗೆರೆ, ಸರಿಯುವ ಮಂಜು, ಕ್ಯಾಮೆರಾಕ್ಕೆ ಎಲ್ಲವೂ ಚಲನೆಯೇ.

ರಾತ್ರಿ ಇನ್ನೂ ಕಷ್ಟ. ಇನ್‌ಫ್ರಾರೆಡ್ ದೀಪವಿರುವ ಕ್ಯಾಮೆರಾದ ಸುತ್ತ ಹುಳುಗಳು ಬರುತ್ತವೆ. ಹುಳು ಹಿಡಿಯಲು ಜೇಡ ಗಾಜಿನ ಮುಂದೆಯೇ ಬಲೆ ಕಟ್ಟುತ್ತದೆ. ಹಗಲಲ್ಲಿ ಆ ಬಲೆ ಕಾಣುವುದೇ ಇಲ್ಲ. ರಾತ್ರಿ ಒಂದೊಂದು ಎಳೆಯೂ ದೀಪಕ್ಕೆ ಬೆಳ್ಳಗೆ ಹೊಳೆದು, ಪರದೆಯ ಅರ್ಧ ಭಾಗದಲ್ಲಿ ನಡುಗುತ್ತಿರುತ್ತದೆ. ಎನ್‌ಕೋಡರ್ ಪ್ರತಿ ಫ್ರೇಮ್‌ನಲ್ಲೂ ಆ ನಡುಕವನ್ನು ಹೊಸ ಮಾಹಿತಿ ಎಂದೇ ಬಗೆದು ಬಿಟ್ ಸುರಿಯುತ್ತದೆ. ಸಾವಿರಾರು ರೂಪಾಯಿಯ ಈ ದೋಷಕ್ಕೆ ಮದ್ದು ಒಂದು ಮೆತ್ತನೆಯ ಒಣಬಟ್ಟೆ ಮತ್ತು ಮೃದು ಬ್ರಷ್. ಮಳೆಗಾಲದಲ್ಲಿ 15 ದಿನಕ್ಕೊಮ್ಮೆ ಒರೆಸಿ.

ಎಚ್ಚರಿಕೆ: ಗುಡುಗು ಮಿಂಚು ಇರುವಾಗ ಕಂಬ ಹತ್ತಬೇಡಿ, ಕ್ಯಾಮೆರಾ ಕೇಬಲ್ ಮುಟ್ಟಬೇಡಿ. ಒದ್ದೆ ಕಬ್ಬಿಣದ ಏಣಿಯನ್ನು ವಿದ್ಯುತ್ ತಂತಿಯ ಹತ್ತಿರ ತರಲೇಬೇಡಿ. ಪಿಒಇ ಸ್ವಿಚ್ (ನೆಟ್‌ವರ್ಕ್ ಕೇಬಲ್‌ನಲ್ಲೇ ಕ್ಯಾಮೆರಾಕ್ಕೆ ಕರೆಂಟ್ ಕೊಡುವಂಥದ್ದು) ಆಫ್ ಮಾಡಿ, ಆಮೇಲೆ ಕನೆಕ್ಟರ್ ಬಿಚ್ಚಿ. ಕನೆಕ್ಟರ್‌ನಲ್ಲಿ ಹಸಿರು ಕಿಲುಬು ಕಂಡರೆ ಅದನ್ನು ಕತ್ತರಿಸಿ ಹೊಸದು ಹಾಕುವುದೇ ಸರಿ.

ಒರೆಸಿದ ಮೇಲೂ ಇಳಿಯದಿದ್ದರೆ ಚಲನೆಯ ವಲಯವನ್ನು ಮತ್ತೆ ಬರೆಯಿರಿ: ಗೇಟು, ಗೋದಾಮಿನ ಬಾಗಿಲು, ಕಣದ ನಡುಭಾಗ ಒಳಗಿರಲಿ; ಮರದ ತಲೆ, ಆಕಾಶ ಹೊರಗಿರಲಿ. ರಾತ್ರಿಗೆ ಗರಿಷ್ಠ ಬಿಟ್‌ರೇಟ್ ಮಿತಿ ಹಾಕಿ. ಮುಂಬೈಗೆ ಪೂರ್ಣ ಗಾತ್ರ ಹೋದರೂ ಎರಡನೇ ರೀಜನ್‌ಗೆ ಕ್ಯಾಮೆರಾದ ಸಬ್‌ಸ್ಟ್ರೀಮ್ (ಅದೇ ದೃಶ್ಯದ ಸಣ್ಣ ಗಾತ್ರ) ಸಾಕಾಗುತ್ತದೆಯೇ ಎಂದು ತೋಟದ ಮಾಲೀಕರನ್ನು ಕೇಳಿ. 4 ಎಂಬಿಪಿಎಸ್ ಬದಲು 0.5 ಹೋದರೆ 12 ಕ್ಯಾಮೆರಾಗಳ 15,552 ಜಿಬಿ 1,944ಕ್ಕೆ ಇಳಿಯುತ್ತದೆ. ಆದರೆ ಸಬ್‌ಸ್ಟ್ರೀಮ್‌ನಲ್ಲಿ ಮುಖ, ವಾಹನದ ನಂಬರ್ ಗುರುತು ಸಿಗದಿರಬಹುದು. ಕಾಫಿ ಮೂಟೆ ಕಳುವಾದಾಗ ಪೊಲೀಸರಿಗೆ ಕೊಡಬೇಕಾಗುವುದು ಪೂರ್ಣ ಗಾತ್ರವೇ ಎಂಬುದನ್ನು ಅವರಿಗೆ ಬಿಡಿಸಿ ಹೇಳಿಯೇ ತೀರ್ಮಾನಿಸಿ.

ಲಕ್ಷಣ: ಕರೆಂಟ್ ಅಥವಾ ಲೈನ್ ಹೋಗಿ ಬಂದ ದಿನ ಬಿಲ್ ಜಿಗಿಯುತ್ತದೆ

ಮರ ಬಿದ್ದು ಫೈಬರ್ ಕಡಿಯಿತು, ಸಂಜೆ ಸರಿಹೋಯಿತು. ರೆಕಾರ್ಡರ್ ಬಾಕಿ ಉಳಿದಿದ್ದನ್ನು ಕಳಿಸತೊಡಗುತ್ತದೆ, ನಡುವೆ ಮತ್ತೆ ಲೈನ್ ಹೋಗುತ್ತದೆ, ಮತ್ತೆ ಮೊದಲಿನಿಂದ ಶುರು. ಒಳಬರುವುದಕ್ಕೆ ದುಡ್ಡಿಲ್ಲ, ಹಾಗಾದರೆ ಬಿಲ್ ಯಾಕೆ? ಅದೇ ಹೆಸರಿನ ಕಡತ ಒಂದೊಂದು ಸಲ ಮೇಲೆ ಬರೆದಾಗಲೂ ಹೊಸ ಆವೃತ್ತಿ ಎನಿಸಿ ಎರಡನೇ ರೀಜನ್‌ಗೆ ಹೊಸದಾಗಿ ದಾಟುತ್ತದೆ. ಅರ್ಧಂಬರ್ಧ ಕಡತವನ್ನು ಐದು ಸಲ ಬರೆದರೆ ಐದು ಸಲ ಸಾಗಣೆ, ಐದು ಆವೃತ್ತಿಗಳ ಬಾಡಿಗೆ.

ಪರಿಹಾರ ಸುಲಭ. ಮೊದಲು ತಾತ್ಕಾಲಿಕ ಫೋಲ್ಡರ್‌ಗೆ ಏರಿಸಿ; ಪೂರ್ತಿ ಬಂದ ಮೇಲೆ, ಗಾತ್ರ ಮತ್ತು ಚೆಕ್‌ಸಮ್ (ಕಡತ ಕೆಟ್ಟಿಲ್ಲ ಎಂದು ತೋರುವ ಅಂಕಿ) ತಾಳೆಯಾದ ಮೇಲೆ, ಅದೇ ರೀಜನ್‌ನೊಳಗೆ ಅಂತಿಮ ಫೋಲ್ಡರ್‌ಗೆ ನಕಲಿಸಿ. ಪ್ರತಿಯ ನಿಯಮ ಅಂತಿಮ ಫೋಲ್ಡರ್‌ಗೆ ಮಾತ್ರ. ಭಾಗ ಭಾಗವಾಗಿ ಏರಿಸುವ ಮಲ್ಟಿಪಾರ್ಟ್ ವಿಧಾನ ಬಳಸಿದರೆ ಕಡಿದಲ್ಲಿಂದ ಮುಂದುವರಿಸಬಹುದು; ಎಸ್3ಯಲ್ಲಿ ಕೊನೆಯದನ್ನು ಬಿಟ್ಟು ಪ್ರತಿ ಭಾಗ ಕನಿಷ್ಠ 5 ಎಂಬಿ ಇರಬೇಕು. ಮುಗಿಯದೆ ಉಳಿದ ಭಾಗಗಳು ಕಡತಗಳ ಪಟ್ಟಿಯಲ್ಲಿ ಕಾಣುವುದಿಲ್ಲ, ಬಾಡಿಗೆ ಮಾತ್ರ ಬೀಳುತ್ತಿರುತ್ತದೆ. 7 ದಿನದ ಮೇಲೆ ಅವನ್ನು ತಾನಾಗಿ ತೆಗೆದುಹಾಕುವ ನಿಯಮ ಹಾಕಿ.

ರೆಕಾರ್ಡರ್ ಮತ್ತು ರೂಟರ್‌ಗೆ ಒಂದು ಯುಪಿಎಸ್ ಕೊಟ್ಟರೆ ಕರೆಂಟ್ ಹೋಗಿ ಬರುವುದರಿಂದ ಆಗುವ ತೊಂದರೆ ತಗ್ಗುತ್ತದೆ.

ನೇರಪ್ರಸಾರಕ್ಕೆ ಎಸ್‌ಆರ್‌ಟಿ (ದಾರಿಯಲ್ಲಿ ಕಳೆದ ಪ್ಯಾಕೆಟ್ಟನ್ನು ಮತ್ತೆ ಕಳಿಸುವ ಸಾಗಣೆ ವಿಧಾನ) ಬಳಸುವವರು ಹೀಗೆ ಮತ್ತೆ ಕಳಿಸಿದ್ದರ ಅಂಕಿ ನೋಡಿ. ಅದರ ಪೂರ್ವನಿಯೋಜಿತ ವಿಳಂಬ 120 ಮಿಲಿಸೆಕೆಂಡ್. ಹೋಗಿ-ಬರುವ ಸಮಯದ ನಾಲ್ಕರಷ್ಟಾದರೂ ವಿಳಂಬ ಇಡುವುದು ರೂಢಿ. ಪಿಂಗ್ 50 ಮಿಲಿಸೆಕೆಂಡ್ ಬಂದರೆ 200 ಇಡಿ, ಕೆಟ್ಟ ಲೈನ್‌ಗೆ ಇನ್ನೂ ಹೆಚ್ಚು. ಡೇಟಾಸೆಂಟರ್‌ಗಳ ನಡುವೆ ವಿಪಿಎನ್ ಇದ್ದರೆ ಪ್ಯಾಕೆಟ್ ಗಾತ್ರವನ್ನೂ ನೋಡಿ: 188 ಬೈಟಿನ ಏಳು ಟಿಎಸ್ (ಟಿವಿ ಪ್ರಸಾರದ ಹರಿವಿನ ರೂಪ) ಪ್ಯಾಕೆಟ್ ಸೇರಿ 1,316 ಬೈಟ್ ಪೇಲೋಡ್ ಇದ್ದರೆ ವಿಪಿಎನ್‌ನ ಹೊದಿಕೆಗೂ ಜಾಗ ಉಳಿಯುತ್ತದೆ. ಅದಕ್ಕಿಂತ ದೊಡ್ಡದಿಟ್ಟರೆ ಪ್ಯಾಕೆಟ್ ಎರಡಾಗಿ ಒಡೆಯುತ್ತದೆ, ಒಂದು ಚೂರು ಕಳೆದರೂ ಪೂರ್ತಿ ಮತ್ತೆ ಕಳಿಸಬೇಕು.

ಲಕ್ಷಣ: ಉತ್ಸವದ ದಿನ ನೋಡುಗರು ಏರಿದಂತೆಲ್ಲ ರೀಜನ್‌ಗಳ ನಡುವಿನ ಡೇಟಾವೂ ಏರುತ್ತದೆ

ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ದೀಪಾವಳಿಯ ಸುಮಾರಿಗೆ, ಕೆಲವೇ ದಿನ. ಅಂಥ ದಿನ ನೋಡುಗರ ಸಂಖ್ಯೆ ಏರಿದರೆ ಸಿಡಿಎನ್‌ನಿಂದ (ನೋಡುಗರ ಹತ್ತಿರದ ಸರ್ವರ್‌ಗಳಿಂದ ವಿಡಿಯೊ ಹಂಚುವ ಜಾಲ) ಹೊರಹೋಗುವ ಡೇಟಾ ಏರುವುದು ಸಹಜ. ಸಿಡಿಎನ್‌ನ ಹಿಂದಿರುವ ಡೇಟಾಸೆಂಟರ್‌ಗಳ ನಡುವಿನದು ಏರಬಾರದು. ಏರುತ್ತಿದೆ ಎಂದರೆ ಕ್ಯಾಶ್ ಕೆಲಸ ಮಾಡುತ್ತಿಲ್ಲ.

ಪರೀಕ್ಷೆ: ಒಂದೇ ತುಣುಕಿನ ವಿಳಾಸವನ್ನು ಎರಡು ಫೋನ್‌ಗಳಿಂದ ಕೇಳಿ, ಉತ್ತರದ ಹೆಡರ್‌ನಲ್ಲಿ ಹಿಟ್ (ಕ್ಯಾಶ್‌ನಲ್ಲಿ ಸಿಕ್ಕಿತು) ಎಂದಿದೆಯೋ ಮಿಸ್ (ಸಿಗಲಿಲ್ಲ) ಎಂದಿದೆಯೋ ನೋಡಿ. ಎರಡನೇ ಫೋನ್‌ಗೂ ಮಿಸ್ ಬಂದರೆ, ವಿಳಾಸದ ಬಾಲದಲ್ಲಿ ಪ್ರತಿ ನೋಡುಗನಿಗೂ ಬೇರೆ ಬೇರೆ ಟೋಕನ್ ಇದೆಯೇ ನೋಡಿ. ಸಿಡಿಎನ್ ಆ ಟೋಕನನ್ನೂ ಕ್ಯಾಶ್ ಕೀಲಿಗೆ (ಕ್ಯಾಶ್‌ನಲ್ಲಿ ಹುಡುಕಲು ಬಳಸುವ ಹೆಸರು) ಸೇರಿಸಿಕೊಂಡರೆ ಅದರ ಲೆಕ್ಕದಲ್ಲಿ ಪ್ರತಿಯೊಬ್ಬನ ವಿಡಿಯೊವೂ ಬೇರೆ. 3 ಎಂಬಿಪಿಎಸ್‌ನಲ್ಲಿ ಒಬ್ಬ ನೋಡುಗನಿಗೆ ಗಂಟೆಗೆ 1.35 ಜಿಬಿ, ಸಾವಿರ ಜನಕ್ಕೆ 1,350 ಜಿಬಿ ಹಿಂದಿನ ಡೇಟಾಸೆಂಟರ್‌ನಿಂದಲೇ ಎಳೆಯಲ್ಪಡುತ್ತದೆ. ಟೋಕನನ್ನು ಸಿಡಿಎನ್‌ನ ಅಂಚಿನಲ್ಲೇ (ನೋಡುಗರ ಕಡೆಯ ಸರ್ವರ್‌ನಲ್ಲೇ) ಪರಿಶೀಲಿಸಿ, ಕ್ಯಾಶ್ ಕೀಲಿಯಿಂದ ಹೊರಗಿಡಿ. ಪರಿಶೀಲನೆಯನ್ನೇ ತೆಗೆದುಹಾಕುವುದು ಬೇಡ, ದುಡ್ಡು ಕೊಟ್ಟವರ ಪಾಠವನ್ನು ಊರಿಗೆಲ್ಲ ಬಿಟ್ಟಂತಾಗುತ್ತದೆ.

ಪಟ್ಟಿಕಡತ ಮತ್ತು ತುಣುಕಿಗೆ ಬೇರೆ ಬೇರೆ ಆಯುಸ್ಸು ಕೊಡಿ. 6 ಸೆಕೆಂಡಿನ ತುಣುಕಾದರೆ ನೇರಪ್ರಸಾರದ ಪಟ್ಟಿಗೆ 2ರಿಂದ 3 ಸೆಕೆಂಡ್, ತುಣುಕಿಗೆ ಒಂದು ದಿನ ಇದ್ದರೂ ಸರಿ. ಒಂದೇ ಎಚ್ಚರ: ಕರೆಂಟ್ ಹೋಗಿ ಎನ್‌ಕೋಡರ್ ಮರುಶುರುವಾದಾಗ ತುಣುಕಿನ ಸಂಖ್ಯೆ ಮತ್ತೆ 1ರಿಂದ ಆರಂಭವಾದರೆ, ಸಿಡಿಎನ್ ತನ್ನಲ್ಲಿರುವ ಹಳೆಯ 1ನ್ನೇ ಕೊಡುತ್ತದೆ. ಸಂಜೆಯ ಮಂಗಳಾರತಿ ಹೊತ್ತಿಗೆ ಬೆಳಗಿನ ಅಭಿಷೇಕ ಕಾಣಿಸುತ್ತದೆ. ತುಣುಕಿನ ಹೆಸರಿನಲ್ಲಿ ಎನ್‌ಕೋಡರ್ ಶುರುವಾದ ಸಮಯವನ್ನೂ ಸೇರಿಸಿದರೆ ಈ ಕಾಟವಿಲ್ಲ.

ಪಟ್ಟಿಕಡತದೊಳಗಿನ ವಿಳಾಸಗಳನ್ನು ಒಮ್ಮೆ ಕಣ್ಣಾರೆ ಓದಿ. ಹಳೆಯ ಸರ್ವರ್‌ನ ಪೂರ್ಣ ವಿಳಾಸ ಅಲ್ಲಿ ಉಳಿದುಕೊಂಡು, ಮುಂಬೈನ ಪಟ್ಟಿ ಹೈದರಾಬಾದಿನ ತುಣುಕನ್ನು ಕರೆಯುತ್ತಿರುವುದುಂಟು. ಇದೆಲ್ಲ ಸರಿಯಿದ್ದೂ ಹಲವು ಅಂಚುಗಳು ಒಂದೊಂದಾಗಿ ಎಳೆಯುತ್ತಿದ್ದರೆ, ನಡುವೆ ಒಂದೇ ಕ್ಯಾಶ್ ಪದರ, ಆರಿಜಿನ್ ಶೀಲ್ಡ್, ಹಾಕಿ. ಮೂಲ ಇರುವ ರೀಜನ್‌ನಲ್ಲೇ ಹಾಕಿ. ಅದಕ್ಕೂ ಶುಲ್ಕವಿದೆ, ನೋಡುಗರು ಕಡಿಮೆ ಇರುವ ತಿಂಗಳು ಅದು ನಷ್ಟವೇ.

ಉತ್ಸವದ ದಿನ ಇವ್ಯಾವನ್ನೂ ಮುಟ್ಟಬೇಡಿ. ವಾರ ಮೊದಲೇ ಮುಗಿಸಿ.

ಲಕ್ಷಣ: ಜಿಬಿ ಇಳಿಯಿತು, ಬಿಲ್ ಇಳಿಯಲಿಲ್ಲ

ಸ್ವಂತ ರ‍್ಯಾಕ್ ಇಟ್ಟು ಡೇಟಾಸೆಂಟರ್‌ನವರಿಂದ ಬ್ಯಾಂಡ್‌ವಿಡ್ತ್ ಕೊಂಡವರಿಗೆ ಇದು ಕಾಣಿಸುತ್ತದೆ. ಅಲ್ಲಿ ಬಹಳ ಸಲ ಲೆಕ್ಕ ಜಿಬಿಗಲ್ಲ, 95ನೇ ಪರ್ಸೆಂಟೈಲ್‌ಗೆ. 5 ನಿಮಿಷಕ್ಕೊಮ್ಮೆ ವೇಗ ಅಳೆಯುತ್ತಾರೆ. 30 ದಿನಕ್ಕೆ 8,640 ಅಳತೆ. ಮೇಲಿನ 5%, ಅಂದರೆ 432 ಅಳತೆಗಳನ್ನು ಬಿಟ್ಟು, ಉಳಿದವುಗಳಲ್ಲಿ ಗರಿಷ್ಠವಾದುದಕ್ಕೆ ಬಿಲ್. 432 ಅಳತೆ ಎಂದರೆ 36 ಗಂಟೆ. ತಿಂಗಳಲ್ಲಿ ಒಟ್ಟು 30 ಗಂಟೆ ಉತ್ಸವದ ಪ್ರಸಾರ ಎಷ್ಟೇ ಎತ್ತರಕ್ಕೆ ಹೋದರೂ ಅದು ಲೆಕ್ಕಕ್ಕಿಲ್ಲ; 40 ಗಂಟೆಯಾದರೆ ಆ ಎತ್ತರವೇ ಇಡೀ ತಿಂಗಳ ಬಿಲ್.

ಇಂಥ ಬಿಲ್‌ಗೆ ಮದ್ದು ಒಟ್ಟು ಡೇಟಾ ಕಡಿಮೆ ಮಾಡುವುದಲ್ಲ, ಶಿಖರ ಕಡಿಯುವುದು. ಆತುರವಿಲ್ಲದ ವಿಡಿಯೊವನ್ನು, ಅಂದರೆ ಆರ್ಕೈವ್, ನಿನ್ನೆಯ ಪಾಠ, ಸಿಸಿಟಿವಿ ಪ್ರತಿಯನ್ನು, ತಡೆದಿಟ್ಟು ರಾತ್ರಿ 11ರಿಂದ ಬೆಳಗ್ಗೆ 6ರೊಳಗೆ, ಹಗಲಿನ ಮಟ್ಟಕ್ಕಿಂತ ಕೆಳಗೇ ಇರುವಂತೆ ವೇಗಮಿತಿ ಹಾಕಿ ಬಿಡಿ. ಆಗಲೇ ದುಡ್ಡು ಕೊಟ್ಟ ಮಟ್ಟದೊಳಗೆ ಹೋಗುವುದಕ್ಕೆ ಹೊಸ ದುಡ್ಡಿಲ್ಲ.

ಜಿಬಿ ಲೆಕ್ಕದ ಕ್ಲೌಡ್‌ನಲ್ಲಿ ಇದೇ ತಂತ್ರದಿಂದ ಒಂದು ಪೈಸೆಯೂ ಉಳಿಯುವುದಿಲ್ಲ. ರಾತ್ರಿಯ ಜಿಬಿಗೂ ಹಗಲಿನ ಜಿಬಿಗೂ ದರ ಒಂದೇ. ಒಪ್ಪಂದದ ಪತ್ರ ತೆಗೆದು ಯಾವ ಬಗೆಯ ಲೆಕ್ಕ ಎಂದು ಖಚಿತ ಮಾಡಿಕೊಳ್ಳಿ.

ಲಕ್ಷಣ: ಎಲ್ಲ ಸರಿಯಿದೆ, ವಿಡಿಯೊವೇ ಭಾರ

ಎಫ್‌ಎಫ್‌ಪ್ರೋಬ್ ಎಂಬ ತಂತ್ರಾಂಶದಿಂದ ನಿಜವಾದ ಬಿಟ್‌ರೇಟ್ ಅಳೆಯಿರಿ. ಕೇಬಲ್ ಚಾನೆಲ್‌ನ ಟಿಎಸ್ ಹರಿವು ಸ್ಥಿರ 8 ಎಂಬಿಪಿಎಸ್ ಇದ್ದು, ಒಳಗಿನ ಚಿತ್ರ-ಧ್ವನಿ ಸೇರಿ 5.5 ಮಾತ್ರ ಇದ್ದರೆ, ಉಳಿದ 2.5 ಖಾಲಿ ಪ್ಯಾಕೆಟ್. ಪಿಐಡಿ (ಪ್ಯಾಕೆಟ್‌ನ ಗುರುತುಸಂಖ್ಯೆ) 8191 ಎಂದು ಕಾಣುವುದೇ ಅದು. ಮಾಡ್ಯುಲೇಟರ್‌ಗೆ ಅದು ಬೇಕು, ಡೇಟಾಸೆಂಟರ್‌ಗಳ ನಡುವೆ ಬೇಡ. ಕಳಿಸುವಾಗ ತೆಗೆದು, ಆ ಕಡೆ ಮತ್ತೆ ತುಂಬುವ ವ್ಯವಸ್ಥೆ ಮಾಡಿದರೆ ಚಾನೆಲ್ ಒಂದಕ್ಕೆ ತಿಂಗಳಿಗೆ 810 ಜಿಬಿ ಉಳಿಯುತ್ತದೆ, ಚಿತ್ರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ.

ಬೋರ್ಡ್ ಮೇಲೆ ಬರೆದು ಕಲಿಸುವ ಪಾಠಕ್ಕೆ ಸ್ಥಿರ ಬಿಟ್‌ರೇಟ್ ವ್ಯರ್ಥ. ಎಕ್ಸ್264 ಎನ್‌ಕೋಡರ್‌ನಲ್ಲಿ ಸಿಆರ್‌ಎಫ್ (ಬಿಟ್‌ರೇಟ್ ಬದಲು ಗುಣಮಟ್ಟ ಸ್ಥಿರವಿಡುವ ಸೆಟ್ಟಿಂಗ್) 23 ಇಟ್ಟು ಮೇಲೊಂದು ಗರಿಷ್ಠ ಮಿತಿ ಹಾಕಿ. ಕೈ ಆಡದ ಹೊತ್ತಿನಲ್ಲಿ ಬಿಟ್‌ರೇಟ್ ತಾನಾಗಿ ಕುಸಿಯುತ್ತದೆ. ಕೀಫ್ರೇಮ್ (ಪೂರ್ಣ ಚಿತ್ರವಿರುವ ಫ್ರೇಮ್) 1 ಸೆಕೆಂಡಿಗೊಂದು ಇದ್ದರೆ 2 ಸೆಕೆಂಡಿಗೆ ತನ್ನಿ, ತುಣುಕಿನ ಉದ್ದ ಅದರಿಂದ ಸರಿಯಾಗಿ ಭಾಗವಾಗುವಂತಿರಲಿ. ಎಚ್.264 ಬದಲು ಅದಕ್ಕಿಂತ ಹೊಸ ಹಿಂಡುವ ವಿಧಾನವಾದ ಎಚ್.265ಗೆ ಹೋದರೆ ಅದೇ ಗುಣಮಟ್ಟಕ್ಕೆ ಸುಮಾರು ಮೂರನೇ ಒಂದರಿಂದ ಅರ್ಧದವರೆಗೆ ಉಳಿಯಬಹುದು, ಆದರೆ ಹಳೆಯ ಫೋನ್‌ಗಳು, ಕೆಲವು ಬ್ರೌಸರ್‌ಗಳು ಅದನ್ನು ನುಡಿಸದಿರಬಹುದು. ಆರ್ಕೈವ್‌ಗೆ, ಡೇಟಾಸೆಂಟರ್‌ಗಳ ನಡುವಿನ ಸಾಗಣೆಗೆ ಬಳಸಿ, ನೋಡುಗರಿಗೆ ಎಚ್.264 ಇರಲಿ. ವಿಮ್ಯಾಫ್ ಅಂಕ (ಚಿತ್ರದ ಗುಣಮಟ್ಟದ ಅಳತೆ) ತೆಗೆದು ಹೋಲಿಸಿ, ಅದರ ಮೇಲೆ ಕಣ್ಣಿಂದಲೂ ನೋಡಿ: ಮಂಜಿನ ಬೆಟ್ಟ, ದೀಪದ ಸುತ್ತಲ ಕತ್ತಲೆ, ಬೋರ್ಡಿನ ಸಣ್ಣ ಅಕ್ಷರ, ಈ ಮೂರರಲ್ಲಿ ಹಾಳು ಮೊದಲು ಕಾಣುತ್ತದೆ.

ಯಾವಾಗ ಕೈ ಬಿಡಬೇಕು

ನಿಮ್ಮದಲ್ಲದ ರೀಜನ್‌ನಲ್ಲಿ ಸರ್ವರ್ ಕಂಡರೆ, ರಾತ್ರೋರಾತ್ರಿ ಬಕೆಟ್‌ನಿಂದ ಗುರುತಿಲ್ಲದ ವಿಳಾಸಕ್ಕೆ ಟಿಬಿಗಟ್ಟಲೆ ಹೋಗಿದ್ದರೆ, ಮೊದಲು ಆ ಕೀಲಿಗಳನ್ನು ನಿಷ್ಕ್ರಿಯಗೊಳಿಸಿ, ಲಾಗ್‌ಗಳನ್ನು ಅಳಿಸದೆ ಬೇರೆಡೆ ನಕಲಿಸಿಡಿ, ಕ್ಲೌಡ್‌ನವರ ಸಹಾಯವಾಣಿಗೆ ದೂರು ದಾಖಲಿಸಿ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) ನಿರ್ದೇಶನದ ಪ್ರಕಾರ ಇಂಥ ಸೈಬರ್ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕು. ವೆಚ್ಚ ಉಳಿಸುವ ಭರದಲ್ಲಿ ಲಾಗ್ ಅಳಿಸುವ ನಿಯಮ ಹಾಕಿದ್ದವರು ಈ 180ನ್ನು ಮರೆಯಬಾರದು.

ಎರಡನೇ ಪ್ರತಿಯನ್ನು ನಿಲ್ಲಿಸುವ ಮುನ್ನ, ಅದರಿಂದ ಒಂದು ವಿಡಿಯೊ ಹಿಂದಕ್ಕೆ ತೆಗೆದು ನುಡಿಸಿ ನೋಡಿ. ಅದೊಂದೇ ಬ್ಯಾಕಪ್ ಆಗಿದ್ದರೆ ನಿಲ್ಲಿಸಲೇಬೇಡಿ. ಎನ್‌ಕ್ರಿಪ್ಷನ್ ತೆಗೆದರೆ, ಬಕೆಟ್ ಸಾರ್ವಜನಿಕ ಮಾಡಿದರೆ ಖರ್ಚು ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಜನರ ಮುಖವಿರುವ ಸಿಸಿಟಿವಿ ಸೋರಿದರೆ ಆಗುವ ನಷ್ಟದ ಮುಂದೆ ಯಾವ ಸಾಗಣೆ ಬಿಲ್ಲೂ ದೊಡ್ಡದಲ್ಲ.

ರೂಟಿಂಗ್, ಟ್ರಾನ್ಸಿಟ್ ಗೇಟ್‌ವೇ, ಕ್ಲೌಡ್‌ನಿಂದ ಕ್ಲೌಡ್‌ಗೆ ನೇರ ಖಾಸಗಿ ಲೈನ್ ಎಂಬ ಮಟ್ಟಕ್ಕೆ ಬಂದರೆ ಜಾಲದ ಕೆಲಸ ಬಲ್ಲವರನ್ನು ಕರೆಯಿರಿ. ಅವರು ಬರುವಾಗ ಕೈಯಲ್ಲಿ ಮೂರು ಕಾಗದ ಇರಲಿ: ವಿಡಿಯೊ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬ ಕೈಬರಹದ ನಕ್ಷೆ, ನೀವು ಹಾಕಿದ ಜಿಬಿ ಲೆಕ್ಕ, ಕಳೆದ ಮೂರು ತಿಂಗಳ ಬಳಕೆವಾರು ಬಿಲ್. ಒಂದು ಬದಲಾವಣೆ ಮಾಡಿದ ಮೇಲೆ 48 ಗಂಟೆ ಕಾದು, ಅಂಕಿ ನೋಡಿ, ದಿನಾಂಕ ಸಮೇತ ಬರೆದಿಟ್ಟು, ಆಮೇಲೆ ಮುಂದಿನದಕ್ಕೆ ಕೈ ಹಾಕಿ.